ಹೆಡ್‌ಮಾಸ್ಟರ್ ಕೊಟ್ಟ ಚೀಟಿಯಲ್ಲಿ ‘ಸಿಡಬ್ಲ್ಯುಎಸ್‌ಎನ್, ಬಿಐಇಆರ್‌ಟಿ, ಎಚ್‌ಬಿಇ’ ಅಂತಿದೆ, ಹಾಗಂದರೇನು?

ನಿಮ್ಮ ಮಗ ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು, ಓದುವುದಕ್ಕೆ ಬರೆಯುವುದಕ್ಕೆ ತಡವರಿಸುತ್ತಾನೆ. ಹೆಡ್‌ಮಾಸ್ಟರು ಕೊಟ್ಟ ಚೀಟಿಯಲ್ಲಿ ‘ಸಿಡಬ್ಲ್ಯುಎಸ್‌ಎನ್, ಎಸ್‌ಎಲ್‌ಡಿ ಇರಬಹುದು, ಬಿಐಇಆರ್‌ಟಿಗೆ ತೋರಿಸಿ, ಯುಡಿಐಡಿ ಇಲ್ಲ, ಎಚ್‌ಬಿಇ?’ ಎಂದಿದೆ. ಇಷ್ಟರಲ್ಲಿ ಕಾಯಿಲೆ ಯಾವುದು ಎಂದು ಕೇಳಿದ್ದೀರಿ. ಯಾವುದೂ ಅಲ್ಲ, ಗಾಬರಿ ಬೇಡ. ಇದೇ ಊರಿನ ಒಂದು ವಲಯದಲ್ಲಿ ನಾನು ಬಿಐಇಆರ್‌ಟಿ. ಇಂಥ ಚೀಟಿಗಳು ಕೊನೆಗೆ ಬಂದು ಬೀಳುವುದು ನನ್ನಂಥವರ ಟೇಬಲ್ಲಿಗೇ.

ಸಿಡಬ್ಲ್ಯುಎಸ್‌ಎನ್ ಎಂದರೆ ವಿಶೇಷ ಅಗತ್ಯವುಳ್ಳ ಮಕ್ಕಳು. ಇದು ಶಾಲೆಯವರು ಇಡುವ ಲೆಕ್ಕ. ಸ್ಯಾಟ್ಸ್ ಎಂಬ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಹಾಗೆ ನಮೂದಾದ ಮಗುವಿಗೆ ಸಮಗ್ರ ಶಿಕ್ಷಣ ಯೋಜನೆಯ ತಪಾಸಣಾ ಶಿಬಿರ, ಸಾಧನ ಸಲಕರಣೆ, ಅಗತ್ಯವಿದ್ದರೆ ಸಾರಿಗೆ ಅಥವಾ ಬೆಂಗಾವಲು ಭತ್ಯೆಯ ದಾರಿ ಸಿಗುತ್ತದೆ. (ಹೆಣ್ಣುಮಕ್ಕಳಿಗಾದರೆ ತಿಂಗಳಿಗೆ 200 ರೂಪಾಯಿ ಸ್ಟೈಪೆಂಡೂ ಉಂಟು.) ‘ಮಗನಿಗೆ ಹಣೆಪಟ್ಟಿ ಕಟ್ಟಬೇಡಿ ಸಾರ್’ ಎಂದು ಹೆಸರು ತೆಗೆಸುವ ತಂದೆತಾಯಿ ಬಹಳ ಇದ್ದಾರೆ. ನೀವು ತೆಗೆಸಬೇಡಿ.

ಬಿಐಇಆರ್‌ಟಿ ಎಂದರೆ ವಲಯದ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ), ಈ ಮಕ್ಕಳಿಗಾಗಿಯೇ ನೇಮಿಸಿದ ಸಂಪನ್ಮೂಲ ಶಿಕ್ಷಕರು. ನಮಗೆ ಒಂದೇ ಶಾಲೆಯಲ್ಲ, ಹತ್ತಾರು. ಆದ್ದರಿಂದ ‘ನಮ್ಮ ಶಾಲೆಗೆ ಯಾವತ್ತು ಬರ್ತಾರೆ’ ಎಂದು ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಬರುವಾಗ ಮಗನ ನೋಟ್‌ಬುಕ್ ತನ್ನಿ. ಬೋರ್ಡ್ ನೋಡಿ ಬರೆದ ಪುಟ ಒಂದು, ಉಕ್ತಲೇಖನದ ಪುಟ ಒಂದು. ನೋಡಿ ಬರೆದದ್ದು ನೆಟ್ಟಗಿದ್ದು, ಉಕ್ತಲೇಖನದಲ್ಲಿ ಮಾತ್ರ ‘ಅಕ್ಕ’ ‘ಅಕ’ ಆಗಿ, ‘ಹಬ್ಬ’ ‘ಹಬ’ ಆಗಿ, ದೀರ್ಘಗಳೆಲ್ಲ ಹಾರಿಹೋಗಿದ್ದರೆ ಎಸ್‌ಎಲ್‌ಡಿ ಇರಬಹುದೇ ಎಂದು ಯೋಚಿಸುತ್ತೇನೆ. ನೋಡಿ ಬರೆದದ್ದರಲ್ಲೇ ಸಾಲು ತಪ್ಪಿದ್ದರೆ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಕಿವಿಯದ್ದೂ ಒಂದು ಸಲ ಪರೀಕ್ಷೆ ಆಗಲಿ. ಕನ್ನಡಕ ಹಾಕಿದ ಮೇಲೆ ‘ಎಸ್‌ಎಲ್‌ಡಿ’ ಮಾಯವಾದ ಮಕ್ಕಳನ್ನು ಕಂಡಿದ್ದೇನೆ.

ಎಸ್‌ಎಲ್‌ಡಿ ಎಂದರೆ ನಿರ್ದಿಷ್ಟ ಕಲಿಕಾ ನ್ಯೂನತೆ. ಬುದ್ಧಿ ಚುರುಕಾಗಿಯೇ ಇರುತ್ತದೆ, ಓದು, ಬರಹ ಅಥವಾ ಲೆಕ್ಕ ಕೈಕೊಡುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದರ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಸೇರಿತು. ಆದರೆ ಇದೆ ಅಥವಾ ಇಲ್ಲ ಎಂದು ಬರೆದುಕೊಡುವ ಅಧಿಕಾರ ಹೆಡ್‌ಮಾಸ್ಟರಿಗೂ ಇಲ್ಲ, ನನಗೂ ಇಲ್ಲ. ಅದಕ್ಕೆ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆ ಆಗಬೇಕು. ಸರ್ಕಾರದ ಮಾರ್ಗಸೂಚಿಯಂತೆ 8 ವರ್ಷ ತುಂಬದೆ ಇದಕ್ಕೆ ಪ್ರಮಾಣಪತ್ರವಿಲ್ಲ. ಮಗನಿಗೆ ಎಂಟು ಆಯಿತೇ ನೋಡಿಕೊಳ್ಳಿ.

ಯುಡಿಐಡಿ ಆಮೇಲಿನ ಮಾತು, ಅದು ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಶಾಲೆಗೆ ಸೇರಲು, ಓದಲು ಕಾರ್ಡು ಬೇಕಿಲ್ಲ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳುವಾಗ ದಾಖಲೆ ಕೈಯಲ್ಲಿರಬೇಕು.

ಇನ್ನು ಎಚ್‌ಬಿಇ. ನಿಮ್ಮ ಚೀಟಿಯಲ್ಲಿ ನನಗೆ ಸಿಟ್ಟು ಬಂದದ್ದು ಇದೊಂದಕ್ಕೆ. ಎಚ್‌ಬಿಇ ಎಂದರೆ ಗೃಹಾಧಾರಿತ ಶಿಕ್ಷಣ. ಹಾಸಿಗೆ ಬಿಟ್ಟು ಏಳಲಾಗದ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಕ್ಕಳ ಮನೆಗೇ ಹೋಗಿ ಕಲಿಸುವ ವ್ಯವಸ್ಥೆ. ಅಂಥವರಿಗೆ ಅದು ದೊಡ್ಡ ಆಸರೆ. ಶಿಕ್ಷಣ ಹಕ್ಕು ಕಾಯ್ದೆಗೆ (ಆರ್‌ಟಿಇ) 2012ರಲ್ಲಿ ಆದ ತಿದ್ದುಪಡಿಯಲ್ಲಿ ಅದನ್ನು ಆಯ್ದುಕೊಳ್ಳುವ ಹಕ್ಕು ಕೊಟ್ಟಿರುವುದು ಮಗುವಿಗೆ, ಶಾಲೆಗಲ್ಲ. ನಡೆದುಕೊಂಡು ಸ್ಕೂಲಿಗೆ ಬಂದು, ಕಬಡ್ಡಿ ಆಡಿ, ಓದುವಾಗ ಮಾತ್ರ ಎಡವುವ ಹುಡುಗನ ಚೀಟಿಯಲ್ಲಿ ಅದಕ್ಕೇನು ಕೆಲಸ? ಹೆಡ್‌ಮಾಸ್ಟರ ಹತ್ತಿರ ಹೋಗಿ, ಜಗಳ ಬೇಡ, ‘ಸಾರ್, ಇದನ್ನು ಹೊಡೆದುಹಾಕಿ ಸಹಿ ಮಾಡಿಕೊಡಿ’ ಎನ್ನಿ. ಒಪ್ಪದಿದ್ದರೆ ಬಿಇಓ ಕಚೇರಿಗೆ ಒಂದು ಅರ್ಜಿ ಬರೆದು ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.