ಗಣಿ ಕಥೆ ಕಳಿಸಿದವರಿಗೆ, ಮೊದಲು ಪಂಪಿನ ವಿಷಯ

ನಮಸ್ಕಾರ.

ನೀವು ಕಳಿಸಿದ ‘ಕಪ್ಪು ವಜ್ರದ ಕಣ್ಣೀರು’ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಗೀಚಿ ಕೈ ತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಹಾಗಾಗಿ ಈ ಉದ್ದನೆಯ ಪತ್ರ.

ನಿಮ್ಮ ಕಥೆ ಇಷ್ಟು. ಪೂರ್ವ ಉಕ್ರೇನಿನ ಡಾನ್‌ಬಾಸ್. ಮಿಕೋಲಾ ಅಲ್ಲಿನ ಕಲ್ಲಿದ್ದಲು ಗಣಿಯ ಕೆಲಸಗಾರ. 2014ರಲ್ಲಿ ಯುದ್ಧ ಶುರುವಾಗುತ್ತದೆ. ಅವನ ತಮ್ಮ ಆಚೆಯವರ, ಅಂದರೆ ರಷ್ಯಾ ಬೆಂಬಲದ ಪ್ರತ್ಯೇಕತಾವಾದಿಗಳ, ಕಡೆ ಸೇರುತ್ತಾನೆ. ಊರು ಬಿಡೋಣ ಅಂತ ಹೆಂಡತಿ ಹೇಳುತ್ತಾಳೆ, ಇವನು ಒಪ್ಪುವುದಿಲ್ಲ. ಕೊನೆಗೆ ಗಣಿಯ ಮೇಲೆ ಶೆಲ್ ಬೀಳುತ್ತದೆ, ಸುರಂಗ ಕುಸಿಯುತ್ತದೆ, ಮಿಕೋಲಾ ಕಲ್ಲಿದ್ದಲಿನ ತುಂಡೊಂದನ್ನು ಎದೆಗೆ ಒತ್ತಿಕೊಂಡು ಸಾಯುತ್ತಾನೆ.

ಆ ಶೆಲ್ಲಿನಿಂದಲೇ ಶುರು ಮಾಡೋಣ. ಡಾನ್‌ಬಾಸಿನ ಆಳದ ಗಣಿಗಳು ಒಂದು ಕಿಲೋಮೀಟರಿಗೂ ಕೆಳಗೆ ಇಳಿದಿವೆ. ಮೇಲೆ ಬಿದ್ದ ಶೆಲ್ ಅಷ್ಟು ಕೆಳಗಿನ ಸುರಂಗವನ್ನು ಕೆಡವುವುದಿಲ್ಲ. ನಿಮ್ಮ ಶೆಲ್ ಬೀಳಬೇಕಾದದ್ದು ಸಬ್‌ಸ್ಟೇಷನ್ ಮೇಲೆ. ಆಮೇಲೆ ಏನಾಗುತ್ತದೆ ನೋಡಿ. ಕರೆಂಟ್ ಹೋಗುತ್ತದೆ. ಜನರನ್ನು ಮೇಲೆ ಕೆಳಗೆ ಒಯ್ಯುವ ಕೇಜು ನಿಂತುಬಿಡುತ್ತದೆ. ಗಾಳಿ ನೂಕುವ ದೊಡ್ಡ ಫ್ಯಾನ್ ನಿಲ್ಲುತ್ತದೆ, ಕಲ್ಲಿದ್ದಲಿನಿಂದ ಸದಾ ಸೋರುವ ಮೀಥೇನ್ ಶೇಖರವಾಗತೊಡಗುತ್ತದೆ. ಪಂಪು ನಿಲ್ಲುತ್ತದೆ, ನೀರು ಏರುತ್ತದೆ. ಕೆಳಗಿದ್ದವರು ತಲೆಯ ಮೇಲಿನ ಲ್ಯಾಂಪಿನ ಬ್ಯಾಟರಿ ಉಳಿಸಿಕೊಂಡು ಕೂರಬೇಕು. ಇದು ನನ್ನ ಕಲ್ಪನೆಯಲ್ಲ. ಶೆಲ್ ದಾಳಿಗೆ ಕರೆಂಟ್ ಹೋಗಿ ನೂರಾರು ಜನ ಕೆಳಗೇ ಸಿಕ್ಕಿಕೊಂಡದ್ದು ಅಲ್ಲಿ ಒಂದು ಸಲವಲ್ಲ, ಹಲವು ಸಲ ನಡೆದಿದೆ.

ಈಗ ಪಂಪಿನ ವಿಷಯ. ನಿಮ್ಮ ಹದಿನೆಂಟು ಪುಟಗಳಲ್ಲಿ ಪಂಪು ಒಮ್ಮೆಯೂ ಬಂದಿಲ್ಲ. ನನ್ನ ಪ್ರಕಾರ ಕಥೆ ಇರುವುದೇ ಅಲ್ಲಿ. ನೆಲದಡಿಯ ಗಣಿಯಲ್ಲಿ ಕಲ್ಲಿದ್ದಲು ತೆಗೆಯಲಿ ಬಿಡಲಿ, ನೀರು ಒಸರುತ್ತಲೇ ಇರುತ್ತದೆ. ಹಗಲು ರಾತ್ರಿ ಎತ್ತಿ ಹೊರಗೆ ಹಾಕಬೇಕು. ಒಂದು ಗಣಿಯ ಪಂಪು ನಿಂತರೆ ಹಳೆಯ ಸುರಂಗಗಳ ಮೂಲಕ ನೀರು ಪಕ್ಕದ ಗಣಿಗೆ ನುಗ್ಗುತ್ತದೆ. ಅದು ತುಂಬಿದರೆ ಅದರ ಪಕ್ಕದ್ದು. ಹಾಗೇ ಬಿಟ್ಟರೆ ಉಪ್ಪುಪ್ಪಾದ ಗಣಿ ನೀರು ಬಾವಿ, ಹೊಳೆಗಳಿಗೆ ಸೇರುತ್ತದೆ, ಮೇಲಿನ ನೆಲ ಕುಸಿಯುತ್ತದೆ. ಯುದ್ಧ ಬಂದ ಮೇಲೆ ಡಾನ್‌ಬಾಸಿನ ಎಷ್ಟೋ ಗಣಿಗಳ ಗತಿ ಇದೇ ಆಯಿತು. ಬಾಂಬು ಬಿದ್ದು ಒಂದೇ ದಿನದಲ್ಲಿ ಹೋದವಲ್ಲ. ನೀರು ತುಂಬಿ ನಿಧಾನಕ್ಕೆ ಹೋದವು.

ಮಿಕೋಲಾ ಯಾಕೆ ಊರು ಬಿಡುವುದಿಲ್ಲ ಅನ್ನುವ ಪ್ರಶ್ನೆಗೆ ನಿಮ್ಮ ಉತ್ತರ: ‘ಭೂತಾಯಿ ನನ್ನನ್ನು ಕರೆಯುತ್ತಿದ್ದಾಳೆ.’ ದಯವಿಟ್ಟು ಬೇಡ. ಒಂದು ಕಿಲೋಮೀಟರ್ ಕೆಳಗೆ ಬೆವರಿಳಿಯುವ ಸೆಕೆಯಲ್ಲಿ ವರ್ಷಗಟ್ಟಲೆ ದುಡಿದವನು ಹೀಗೆ ಮಾತಾಡುತ್ತಾನಾ? ಅವನನ್ನು ಪಂಪಿನ ಪಾಳಿಗೆ ಹಾಕಿ ನೋಡಿ. ಕಲ್ಲಿದ್ದಲು ತೆಗೆಯುವುದು ನಿಂತಿದೆ. ಸಂಬಳ ತಿಂಗಳುಗಟ್ಟಲೆ ಬಂದಿಲ್ಲ. ಆದರೂ ಏಳೆಂಟು ಜನ ದಿನಾ ಇಳಿಯುತ್ತಾರೆ. ಯಾಕೆಂದರೆ ಇಳಿಯದಿದ್ದರೆ ಮತ್ತೆ ಯಾವತ್ತೂ ಇಳಿಯಲು ಗಣಿಯೇ ಇರುವುದಿಲ್ಲ. ಹೆಂಡತಿ ಕೇಳುತ್ತಾಳೆ: ನೀರು ಎತ್ತಿದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ? ಅದಕ್ಕೆ ಅವನ ಹತ್ತಿರ ಉತ್ತರ ಇಲ್ಲ. ಇದು ಜಗಳ. ನೀವು ಬರೆದಿರುವುದು ಭಾಷಣ.

ಅಂದಹಾಗೆ, ಆ ಹೆಂಡತಿ ಏಳನೇ ಪುಟದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಡಾನ್‌ಬಾಸಿಗೆ ಸೆರಗು ಎಲ್ಲಿಂದ ಬಂತು ಸ್ವಾಮಿ?

ಇಂಥವು ಇನ್ನೂ ಇವೆ. ಮೀಥೇನಿನ ‘ಘಾಟು ವಾಸನೆ’ ಮಿಕೋಲಾನ ಮೂಗಿಗೆ ಬಡಿಯುತ್ತದೆ. ಮೀಥೇನಿಗೆ ವಾಸನೆಯೇ ಇಲ್ಲ, ಅದರ ಭಯ ಇರುವುದೇ ಅಲ್ಲಿ. ಗಾಳಿಯಲ್ಲಿ ಸುಮಾರು ಶೇಕಡಾ 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು. ಮೂಗು ಹೇಳುವುದಿಲ್ಲ, ಮೀಟರ್ ಹೇಳಬೇಕು. ಇನ್ನು ನಿಮ್ಮವರು ‘ನೆಟ್ಟಗೆ ನಿಂತು ಗುದ್ದಲಿ ಬೀಸುತ್ತಾರೆ’. ಅಲ್ಲಿನ ಎಷ್ಟೋ ಕಲ್ಲಿದ್ದಲು ಪದರಗಳು ಒಂದು ಮೀಟರಿನ ಆಸುಪಾಸು ದಪ್ಪ, ಕೆಲವು ಅದಕ್ಕಿಂತ ಕಡಿಮೆ. ನಿಲ್ಲುವುದೆಲ್ಲಿ ಬಂತು? ಮಂಡಿಯೂರಿ, ಮಲಗಿ, ತೆವಳಿಕೊಂಡು ಕೆಲಸ. ಕತ್ತರಿಸುವುದು ಯಂತ್ರ. ಕಡಿದಾದ ಪದರಗಳಲ್ಲಿ ಜಾಕ್‌ಹ್ಯಾಮರ್. ಮಿಕೋಲಾನ ಮೊಣಕಾಲು ನೋವನ್ನು ನೀವು ಒಂದು ಕಡೆಯೂ ಬರೆದಿಲ್ಲ ಅಂದರೆ ಅವನ ಜೊತೆ ನೀವು ಕೆಳಗೆ ಇಳಿದೇ ಇಲ್ಲ ಅಂತ ಗೊತ್ತಾಗುತ್ತದೆ. ಅಲ್ಲಿಗೆ ಹೋಗಿ ಬನ್ನಿ ಅಂತ ನಾನು ಹೇಳುತ್ತಿಲ್ಲ. ನೆಲದಡಿ ಕೆಲಸ ಮಾಡಿದ ಯಾರನ್ನಾದರೂ ಹಿಡಿದು ಒಂದು ಸಂಜೆ ಮಾತಾಡಿಸಿ, ಸಾಕು.

ಹೆಸರುಗಳನ್ನೂ ನೋಡಿ. 2014ರ ದೃಶ್ಯದಲ್ಲಿ ಪಾತ್ರಗಳು ‘ಪೊಕ್ರೋವ್‌ಸ್ಕ್’ ಅನ್ನುತ್ತವೆ. ಆ ಊರಿಗೆ ಆ ಹೆಸರು ಬಂದದ್ದು 2016ರಲ್ಲಿ. ಅಲ್ಲಿಯವರೆಗೆ ಅದು ಕ್ರಾಸ್ನೋಅರ್ಮಿಸ್ಕ್.

ದೊಡ್ಡ ತಪ್ಪು ಬೇರೆ ಇದೆ. 2015ರ ಮಾರ್ಚ್ 4ರಂದು ಡೊನೆಟ್ಸ್ಕ್‌ನ ಝಸ್ಯಾದ್ಕೋ ಗಣಿಯಲ್ಲಿ ಆದ ಸ್ಫೋಟವನ್ನು ನೀವು ಶತ್ರುಗಳ ದಾಳಿ ಮಾಡಿಬಿಟ್ಟಿದ್ದೀರಿ. ಅದು ಗ್ಯಾಸ್ ಸ್ಫೋಟ. 30ಕ್ಕೂ ಹೆಚ್ಚು ಜನ ಸತ್ತರು. ಯುದ್ಧದ ನಡುವೆಯೇ ಆದದ್ದು ನಿಜ, ಆದರೆ ಇದೇ ಗಣಿಯಲ್ಲಿ 2007ರ ನವೆಂಬರಿನಲ್ಲಿ ಯುದ್ಧದ ಸುಳಿವೇ ಇಲ್ಲದಾಗ 101 ಜನ ಹೋಗಿದ್ದರು. ಅಂದರೆ ಆ ಗಣಿಗಳು ಯುದ್ಧಕ್ಕೆ ಮೊದಲೇ ಏದುಸಿರು ಬಿಡುತ್ತಿದ್ದವು. ಆಳ ಜಾಸ್ತಿ, ಪದರ ತೆಳು, ಗ್ಯಾಸ್ ಜಾಸ್ತಿ, ಯಂತ್ರಗಳು ಹಳೆಯವು. ಸರ್ಕಾರಿ ಗಣಿಗಳು ಸಬ್ಸಿಡಿಯಲ್ಲಿ ಉಸಿರಾಡುತ್ತಿದ್ದವು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಒಂದರ ಹಿಂದೆ ಒಂದು ಮುಚ್ಚುತ್ತಲೇ ಬಂದಿದ್ದವು. ಎಲ್ಲ ಪಾಪವನ್ನೂ ಒಂದು ಶೆಲ್ಲಿನ ತಲೆಗೆ ಕಟ್ಟಿದರೆ ನಿಮಗೆ ಸುಲಭ. ಆದರೆ ಕಥೆ ಬಡವಾಗುತ್ತದೆ. 2007ರಲ್ಲಿ ಪಕ್ಕದ ಮನೆಯವನನ್ನು ಹೂತು ಬಂದ ಮಿಕೋಲಾ 2014ರ ಯುದ್ಧವನ್ನು ನೋಡುವ ರೀತಿಯೇ ಬೇರೆ, ಅಲ್ವಾ?

ಕಥೆಯಲ್ಲಿನ ತಾತನ ಪ್ರಸಂಗ ಮೂರು ಪುಟ ಇದೆ, ಅರ್ಧ ಪುಟಕ್ಕೆ ಇಳಿಸಿ. 1935ರಲ್ಲಿ, ಸೋವಿಯತ್ ಸರ್ಕಾರ ಮಾದರಿ ಅಂತ ಮೆರೆಸಿದ ಗಣಿ ಕೆಲಸಗಾರ ಸ್ಟಖಾನೋವ್ ಒಂದೇ ಪಾಳಿಯಲ್ಲಿ 102 ಟನ್ ಕಡಿದ ಅನ್ನುವುದು ಎಲ್ಲ ಕಡೆ ಸಿಗುತ್ತದೆ. ಅವನ ಹಿಂದೆ ಸುರಂಗ ಕುಸಿಯದ ಹಾಗೆ ಮರದ ಕಂಬ ನಿಲ್ಲಿಸುತ್ತಾ ಬಂದವರು ಪೋಸ್ಟರಿನಲ್ಲಿ ಬರಲಿಲ್ಲ. ನಿಮ್ಮ ತಾತ ಅಂಥ ಕಂಬದವನಾಗಲಿ.

ಅಣುಬಾಂಬಿನ ತಿರುವನ್ನು ತೆಗೆಯಿರಿ. ವಿಷಯ ಸುಳ್ಳಲ್ಲ. ಯೆನಾಕಿಯೆವೆ ಹತ್ತಿರದ ಯುನ್‌ಕೋಮ್ ಗಣಿಯಲ್ಲಿ 1979ರ ಸೆಪ್ಟೆಂಬರಿನಲ್ಲಿ, ಸುಮಾರು 900 ಮೀಟರ್ ಆಳದಲ್ಲಿ, ಸಣ್ಣದೊಂದು ಅಣುಸ್ಫೋಟ ಮಾಡಿದ್ದರು. ಬಂಡೆಯ ಒತ್ತಡ ಸಡಿಲವಾದರೆ ಗ್ಯಾಸ್ ಹಠಾತ್ತಾಗಿ ನುಗ್ಗುವುದು ಕಡಿಮೆಯಾದೀತು ಅನ್ನುವ ಲೆಕ್ಕಾಚಾರ. ಗಣಿ ಆಮೇಲೂ ನಡೆಯಿತು. 2018ರಲ್ಲಿ ಅಲ್ಲಿನ ಪ್ರತ್ಯೇಕತಾವಾದಿ ಆಡಳಿತ ಪಂಪು ನಿಲ್ಲಿಸಿ ನೀರು ತುಂಬಲು ಬಿಟ್ಟಿತು. ವಿಕಿರಣ ನೀರಿಗೆ ಸೇರೀತೇ ಅನ್ನುವ ಆತಂಕ ಆಗ ಎದ್ದಿತು. ಇದೇ ಒಂದು ಬೇರೆ ಕಥೆಗಾಗುವಷ್ಟು ಸರಕು. ನೀವು ಅದನ್ನು ತಂದು ಹಸಿರು ಬೆಳಕು ಚೆಲ್ಲುವ ಬಂಡೆ ಮಾಡಿದ್ದೀರಿ.

ತಮ್ಮನನ್ನು ಮಾತ್ರ ಬಿಡಬೇಡಿ, ಅವನು ಚೆನ್ನಾಗಿದ್ದಾನೆ. ಆದರೆ ಬಂದೂಕು ಹಿಡಿಸುವುದಕ್ಕಿಂತ ಅವನನ್ನು ಯುದ್ಧರೇಖೆಯ ಆಚೆಯ ಆಂಥ್ರಸೈಟ್ (ಗಟ್ಟಿ ಜಾತಿಯ ಕಲ್ಲಿದ್ದಲು) ಗಣಿಯಲ್ಲೇ ಉಳಿಸಿ. ಆಂಥ್ರಸೈಟ್ ಗಣಿಗಳೆಲ್ಲ ಆಚೆ ಕಡೆ ಹೋದವು, ಅದನ್ನೇ ಉರಿಸುವ ವಿದ್ಯುತ್ ಸ್ಥಾವರಗಳು ಈಚೆ ಉಳಿದವು. ಮೂರು ವರ್ಷ ಯುದ್ಧದ ನಡುವೆಯೇ ರೈಲುಗಳು ಕಲ್ಲಿದ್ದಲು ಹೊತ್ತು ದಾಟುತ್ತಿದ್ದವು. 2017ರಲ್ಲಿ ಹಳಿ ತಡೆದು ಅದನ್ನೂ ನಿಲ್ಲಿಸಿದರು. ಆಮೇಲೆ ಉಕ್ರೇನ್ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಹಡಗಿನಲ್ಲಿ ಆಂಥ್ರಸೈಟ್ ತರಿಸಿತು. ಅಣ್ಣ ತಮ್ಮ ಫೋನಿನಲ್ಲಿ ಇದರ ಬಗ್ಗೆ ಮಾತಾಡಲಿ. ರಾಜಕೀಯದ ಬಗ್ಗೆ ಮಾತಾಡುವುದೇ ಬೇಡ.

ಇನ್ನು ನಾನು ಈ ಪತ್ರ ಬರೆಯಲು ಕಾರಣವಾದ ಪುಟ. ಹನ್ನೊಂದನೇ ಪುಟದಲ್ಲಿ ಲ್ಯಾಂಪ್ ರೂಮಿನ ಹೆಂಗಸು ಬರುತ್ತಾಳೆ. ಇಳಿಯುವವರು ತಮ್ಮ ನಂಬರಿನ ಬಿಲ್ಲೆ ಕೊಟ್ಟು ಲ್ಯಾಂಪು, ಉಸಿರಾಟದ ಡಬ್ಬಿ ಪಡೆಯುತ್ತಾರೆ. ಬಿಲ್ಲೆಗಳು ಹಲಗೆಯ ಮೊಳೆಗಳಲ್ಲಿ ತೂಗುತ್ತವೆ. ಮೊಳೆ ಖಾಲಿ ಅಂದರೆ ಆಳು ಮೇಲೆ ಬಂದಿದ್ದಾನೆ. ಪಾಳಿ ಮುಗಿಯುವ ಹೊತ್ತಿಗೆ ಅವಳು ಯಾರ ಮುಖವನ್ನೂ ನೋಡುವುದಿಲ್ಲ, ಹಲಗೆಯನ್ನೇ ನೋಡುತ್ತಿರುತ್ತಾಳೆ. ಬಿಲ್ಲೆ ವಾಪಸ್ ಕೊಡುವಾಗ ಒಬ್ಬನ ಬೆರಳು ತಾಗಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಇದನ್ನು ಬರೆದವರು ಬರೆಯಬಲ್ಲವರು. ಇಡೀ ಕಥೆಯಲ್ಲಿ ಒಂದು ಉಪಮೆಯೂ ಇಲ್ಲದ ಪುಟ ಅದೊಂದೇ ಅನ್ನುವುದನ್ನೂ ಗಮನಿಸಿ.

ಕಥೆಯನ್ನು ಅವಳಿಂದ ಶುರು ಮಾಡಿ. ನನ್ನನ್ನು ಕೇಳಿದರೆ ಅವಳದ್ದೇ ಕಥೆ ಮಾಡಿ. 2022ರ ನಂತರ ಗಂಡಸರು ಸೇನೆಗೆ ಹೋದಾಗ, ಹೆಂಗಸರು ನೆಲದಡಿ ದುಡಿಯಬಾರದು ಅನ್ನುವ ನಿರ್ಬಂಧವನ್ನು ಉಕ್ರೇನ್ ಯುದ್ಧಕಾಲಕ್ಕೆ ಸಡಿಲಿಸಿತು. ಹಾಗಾದರೆ ಇಷ್ಟು ವರ್ಷ ಬಿಲ್ಲೆ ಎಣಿಸಿದವಳು ಒಂದು ದಿನ ತನ್ನ ಬಿಲ್ಲೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟು ಪಂಪಿನ ಪಾಳಿಗೆ ಇಳಿಯಬಹುದು. ಕೊನೆಗೆ ಗಣಿ ಮುಚ್ಚಲೇಬೇಕಿದ್ದರೆ ಶೆಲ್ ಬೇಕಿಲ್ಲ. ಪೊಕ್ರೋವ್‌ಸ್ಕ್ ಹತ್ತಿರದ ಕೋಕಿಂಗ್ ಕಲ್ಲಿದ್ದಲು ಗಣಿ, ದೇಶದ ಉಕ್ಕಿನ ಕುಲುಮೆಗಳಿಗೆ ಆಧಾರವಾಗಿದ್ದದ್ದು, 2025ರ ಜನವರಿಯಲ್ಲಿ ನಿಂತಿತು. ಯುದ್ಧರೇಖೆ ಹತ್ತಿರ ಬಂತು, ಕರೆಂಟ್ ಇಲ್ಲ, ಜನರನ್ನು ಇಳಿಸುವುದು ಅಪಾಯ ಅಂತ ಕಂಪನಿ ಹೇಳಿತು. ಒಂದು ನೋಟಿಸು, ಅಷ್ಟೇ. ಅಂಥ ನೋಟಿಸನ್ನು ಓದುವವರ ಮುಖ ಬರೆಯಿರಿ.

ಶೀರ್ಷಿಕೆ ಬದಲಿಸಿ, ಕಪ್ಪು ವಜ್ರವೂ ಬೇಡ, ಕಣ್ಣೀರೂ ಬೇಡ. ಹತ್ತು ಪುಟ ದಾಟಬೇಡಿ. ಮುಂದಿನ ಸಲ ಕಳಿಸುವಾಗ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸಿ. ನಿಮ್ಮ ಒತ್ತಕ್ಷರಗಳೆಲ್ಲ ಇಲ್ಲಿ ಚೌಕಗಳಾಗಿ ಬಂದಿವೆ, ‘ಝಸ್ಯಾದ್ಕೋ’ ಅನ್ನುವುದನ್ನು ನಾನು ಊಹೆಯ ಮೇಲೆ ಓದಿಕೊಂಡೆ.