ಹುಡುಗ ಅಗ್ನಿಶಾಮಕ ದಳ ಸೇರಲಿ, ಎಮ್ಮೆ ಮಾತ್ರ ಮಾರಬೇಡಿ

ಮಾನ್ಯರೆ, ನಮಸ್ಕಾರ.

ಹಾವೇರಿ ಜಿಲ್ಲೆಯಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಎರಡು ಮಾತು: ಇವರ ಮಗ ಪಿಯುಸಿ ಮುಗಿಸಿ, ಸೇರಿದರೆ ಅಗ್ನಿಶಾಮಕ ದಳವೇ ಎಂದು ಹಟ ಹಿಡಿದಿದ್ದಾನೆ. ತಾಯಿಗೆ ಜೀವಭಯ. ಸೋದರಮಾವನಿಗೆ ‘ಪೊಲೀಸ್ ಆದರೂ ಆಗಬಾರದೇ’ ಎಂಬ ಬೇಸರ. ಈ ನಡುವೆ ಖಾಸಗಿ ಸಂಸ್ಥೆಯೊಂದು ‘ಫೈರ್ ಅಂಡ್ ಸೇಫ್ಟಿ’ ಡಿಪ್ಲೊಮಾಕ್ಕೆ ದೊಡ್ಡ ಮೊತ್ತ ಕೇಳಿದೆ. ಎರಡು ಎಮ್ಮೆ ಮಾರಿ ಕಟ್ಟಲೇ ಎಂಬುದು ಪ್ರಶ್ನೆ. ಮಗಳೂ ಅಣ್ಣನ ಹಾಗೇ ‘ನಾನೂ ಸೇರುತ್ತೇನೆ’ ಎಂದು ಹಾಡುತ್ತಿದ್ದಾಳೆ, ನಗು ಬರುತ್ತದೆ ಎಂದು ಕೊನೆಯಲ್ಲಿ ಸೇರಿಸಿದ್ದೀರಿ.

ಎಮ್ಮೆ ಮಾರಬೇಡಿ. ನಮ್ಮ ರಾಜ್ಯದ ಇಲಾಖೆಯಲ್ಲಿ ಅಗ್ನಿಶಾಮಕ ಹುದ್ದೆಗೆ ಕೇಳುವುದು ಎಸ್ಸೆಸ್ಸೆಲ್ಸಿ. ಜೊತೆಗೆ ಲಿಖಿತ ಪರೀಕ್ಷೆ, ಎತ್ತರ, ಎದೆಯ ಸುತ್ತಳತೆ, ಓಟ. ಆಯ್ಕೆಯಾದವರಿಗೆ ಕೆಲಸ ಕಲಿಸುವುದು ಇಲಾಖೆಯೇ. ಅದಕ್ಕೆಂದೇ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಕಾರ್ಖಾನೆಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಡಿಪ್ಲೊಮಾ ಕೇಳುತ್ತಾರೆ, ನಿಜ. ಆ ದಾರಿ ಹಿಡಿಯುವುದಾದರೂ ಮಾನ್ಯತೆ ಯಾರದು, ಅಭ್ಯಾಸಕ್ಕೆ ಮೈದಾನ ಇದೆಯೇ ಎಂದು ಮೊದಲು ವಿಚಾರಿಸಿ. ಎಸಿ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಬೆಂಕಿ ಆರಿಸಲು ಕಲಿಸುವ ಮಹಾನುಭಾವರೂ ಇದ್ದಾರೆ.

ಇನ್ನು ಕೆಲಸ. ನಿಮ್ಮ ಮಗನ ಕಣ್ಣ ಮುಂದೆ ಇರುವುದು ಉರಿಯುವ ಕಟ್ಟಡ, ಏಣಿ, ಹೆಗಲ ಮೇಲೊಂದು ಮಗು. ನಿಮ್ಮ ಕಡೆಯ ಠಾಣೆಗೆ ಬರುವ ಕರೆಗಳೇ ಬೇರೆ: ಹೊತ್ತಿಕೊಂಡ ಮೇವಿನ ಬಣವೆ, ಕಬ್ಬಿನ ಗದ್ದೆ, ಬಾವಿಗೆ ಬಿದ್ದ ಹಸು, ಕೆರೆಯಲ್ಲಿ ಮುಳುಗಿದ ಹುಡುಗ. ಈ ಕೊನೆಯದರ ಬಗ್ಗೆ ಮನೆಯಲ್ಲಿ ಕೂತು ಮಾತಾಡಿ. ದಡದಲ್ಲಿ ತಾಯಿ ಎದೆ ಬಡಿದುಕೊಳ್ಳುತ್ತಿರುವಾಗ ಇವನು ನೀರಿಗಿಳಿದು, ಸಿಕ್ಕಿದ್ದನ್ನು ಮೇಲೆ ತರಬೇಕು. ಮರುದಿನವೂ ಡ್ಯೂಟಿಗೆ ಹೋಗಬೇಕು. ಹಾಗೆಂದು ಎಲ್ಲ ಕರೆಯೂ ಹೀಗೇ ಮುಗಿಯುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದಿದ್ದ ಮಗುವನ್ನು ಸುಮಾರು 20 ಗಂಟೆ ಹೆಣಗಿ ಜೀವಂತ ತೆಗೆದವರಲ್ಲಿ ಅಗ್ನಿಶಾಮಕದವರೂ ಇದ್ದರು.

ಬೈಗುಳದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಲಿ. ಸಾಮಾನ್ಯವಾಗಿ ಒಂದು ಗಾಡಿಯಲ್ಲಿ ಹಿಡಿಯುವುದು ಸುಮಾರು 4,500 ಲೀಟರ್ ನೀರು. ಎರಡು ಹೋಸ್ (ನೀರು ಚಿಮ್ಮಿಸುವ ಪೈಪು) ತೆರೆದರೆ ಕೆಲವೇ ನಿಮಿಷಕ್ಕೆ ಖಾಲಿ. ಬಣವೆ ಒಳಗೊಳಗೇ ಉರಿಯುತ್ತಿರುತ್ತದೆ, ಗಾಡಿ ಕೆರೆ ಹುಡುಕಿಕೊಂಡು ಹೊರಡುತ್ತದೆ, ಜನ ‘ನೀರಿಲ್ಲದ ಗಾಡಿ ತಂದ್ರು’ ಎನ್ನುತ್ತಾರೆ. ನಿಮ್ಮ ಜಿಲ್ಲೆಯದೇ ಮಾತು: 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಸ್ಫೋಟಿಸಿದಾಗ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ.

ನಿಮ್ಮ ಮನೆಯವರ ಭಯ ಸುಳ್ಳೆಂದು ನಾನು ಹೇಳಲಾರೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆದರೆ ನಿಮ್ಮ ಮನೆಯವರು ಹೆದರುತ್ತಿರುವುದು ಉರಿಗೆ, ಹೆದರಬೇಕಾದದ್ದು ಹೊಗೆಗೆ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ ಬೆಂಕಿ ಅವಘಡದಲ್ಲಿ ಸತ್ತ ಒಂಬತ್ತು ಜನರನ್ನು ಬಲಿ ತೆಗೆದುಕೊಂಡದ್ದು ಹೊಗೆ ಮತ್ತು ಅದಕ್ಕೆ ಹೆದರಿ ಮೇಲಿನಿಂದ ಹಾರಿದ್ದು. ಹೊಗೆಯೊಳಗೆ ಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ, ಅದಕ್ಕೆ ಬಿ.ಎ. (ಬ್ರೀದಿಂಗ್ ಅಪರೇಟಸ್) ಸೆಟ್ ಎನ್ನುತ್ತಾರೆ. ಒಳಗೆ ತಮ್ಮ ಕೈ ತಮಗೇ ಕಾಣದು. ಗೋಡೆ ಸವರಿಕೊಂಡು ತೆವಳಬೇಕು. ಸಿಲಿಂಡರಿನ ಗಾಳಿ ಕಡಿಮೆಯಾದಾಗ ಸೆಟ್ಟಿನ ಸೀಟಿ ತಾನಾಗಿ ಹೊಡೆದುಕೊಳ್ಳುತ್ತದೆ. ಆಗ ಒಳಗೆ ಯಾರೇ ಕೂಗುತ್ತಿದ್ದರೂ ಹೊರಗೆ ಬರಬೇಕು. ಹುಂಬ ಧೈರ್ಯದವನು ಆ ಸೀಟಿಯನ್ನು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಮಗ ಎಷ್ಟು ಧೈರ್ಯವಂತ ಎಂಬುದಕ್ಕಿಂತ, ಹೇಳಿದ ಮಾತು ಎಷ್ಟು ಕೇಳುತ್ತಾನೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಅದು ನಿಮಗೇ ಗೊತ್ತು. ಇನ್ನೊಂದು ವಿಷಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಈ ಉದ್ಯೋಗವನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಂಕಿ ಆರಿದ ಮೇಲೂ ಮಾಸ್ಕ್ ತೆಗೆಯದಿರುವುದು, ಮಸಿ ಹಿಡಿದ ಬಟ್ಟೆಯನ್ನು ಮನೆಗೆ ತಾರದಿರುವುದು ಮೊದಲ ದಿನದಿಂದಲೇ ಅಭ್ಯಾಸವಾಗಬೇಕು.

ಸೋದರಮಾವನಿಗೆ ಹೇಳಿ: ಸಂಬಳದಲ್ಲಿ ಪೊಲೀಸ್ ಕಾನ್‌ಸ್ಟೆಬಲ್‌ಗೂ ಇವನಿಗೂ ಅಂಥ ಅಂತರವಿಲ್ಲ. ಮೇಲುಸಂಪಾದನೆಯ ಲೆಕ್ಕ ಅವರ ತಲೆಯಲ್ಲಿದ್ದರೆ ನನ್ನ ಬಳಿ ಉತ್ತರವಿಲ್ಲ.

ಮಗಳ ಮಾತಿಗೆ ನಗಬೇಡಿ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ 2002ರಲ್ಲಿ ಹರ್ಷಿನಿ ಕಾನ್ಹೇಕರ್ ಸೇರಿದಾಗ ಅಲ್ಲಿ ಅವರೊಬ್ಬರೇ ಹುಡುಗಿ. ಮುಂದೆ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಯಲ್ಲಿ ಅಗ್ನಿಶಾಮಕ ಅಧಿಕಾರಿಯಾದರು. ಹುಡುಗಿ ವಿಜ್ಞಾನ ಓದುತ್ತಿದ್ದರೆ ಅಲ್ಲಿಯ ಅಗ್ನಿಶಾಮಕ ಎಂಜಿನಿಯರಿಂಗ್ ಪದವಿಯ ಬಗ್ಗೆ ಈಗಲೇ ವಿಚಾರಿಸಿ.

ನನ್ನ ಮಟ್ಟಿಗೆ, ಹುಡುಗ ಸೇರಲಿ. ಆದರೆ ಇಲಾಖೆಯ ನೇಮಕಾತಿ ಪ್ರತಿವರ್ಷ ಬರುವುದಿಲ್ಲ. ಅದನ್ನೇ ಕಾಯುತ್ತಾ ಕಟ್ಟೆಯ ಮೇಲೆ ಕೂರುವುದು ಬೇಡ. ಪದವಿಗೆ ಸೇರಲಿ, ಠಾಣಾಧಿಕಾರಿ ಹುದ್ದೆಗೆ ಯಾವ ಪದವಿ ಕೇಳುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡರೆ ಮುಂದೆ ಅದಕ್ಕೂ ಪ್ರಯತ್ನಿಸಬಹುದು. ಈಜು ಬಾರದಿದ್ದರೆ ಈ ಬೇಸಿಗೆಯಲ್ಲೇ ಕಲಿಯಲಿ. ಅದಕ್ಕೆ ಬೇಕಾದ ವಯಸ್ಸು ತುಂಬಿದ ಮೇಲೆ ಭಾರಿ ವಾಹನದ ಲೈಸೆನ್ಸ್ ಮಾಡಿಸಲಿ. ವಿಮಾನ ನಿಲ್ದಾಣದ ಅಗ್ನಿಶಾಮಕ ಕೆಲಸಕ್ಕೂ ಅದು ಒದಗುತ್ತದೆ. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಇಬ್ಬರು ಮಕ್ಕಳನ್ನೂ ಹತ್ತಿರದ ಠಾಣೆಗೆ ಕರೆದೊಯ್ಯಿರಿ. ಗಾಡಿಯ ಮುಂದೆ ಫೋಟೊ ತೆಗೆಸಿಕೊಂಡು ಬಂದರೆ ಸಾಲದು. ನೀರು ತುಂಬಿದ ಹೋಸ್ ಹಿಡಿದು ನೋಡಬಹುದೇ ಎಂದು ಠಾಣಾಧಿಕಾರಿಯನ್ನು ಕೇಳಿ.

– ಸಂ.