ದಿನವಿಡೀ ದುಡಿದರೂ ಮುಖ್ಯವಾದ ಕೆಲಸವೇ ಉಳಿದುಹೋಗುತ್ತದೆ, ಏನು ಮಾಡಲಿ?

ಬೆಳಿಗ್ಗೆ ಐದೂವರೆಗೆ ಎದ್ದು ರಾತ್ರಿ ಹನ್ನೊಂದರವರೆಗೆ ಕೈಗೆ ಬಿಡುವಿಲ್ಲದಿದ್ದರೂ, ಮಾಡಲೇಬೇಕಿದ್ದ ಕೆಲಸ ಮಾತ್ರ ನಾಳೆಗೆ ಹೋಗುತ್ತಲೇ ಇದೆ ಎಂದು ಬರೆದಿದ್ದೀರಿ. ನಾನು ಹಾಸನದಲ್ಲಿ 14 ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಲೆಯ ಮೇಲಿನ ಹಾಲು, ಮಗಳ ಲೆಕ್ಕದ ಪುಸ್ತಕ, ತೋಳು ಬಿಗಿಯಾಯಿತು ಎನ್ನುವ ಗಿರಾಕಿ, ಎಲ್ಲವೂ ಒಂದೇ ಹೊತ್ತಿಗೆ ಕರೆಯುತ್ತವೆ. ಹಾಗಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ವಾರ. ಹಳ್ಳಿಯಿಂದ ಒಬ್ಬ ತಾಯಿ ಮಗಳ ನಿಶ್ಚಿತಾರ್ಥಕ್ಕೆಂದು ಎರಡು ರವಿಕೆ ಬಟ್ಟೆ ಕೊಟ್ಟು ಹೋಗಿದ್ದರು. ನಡುವೆ ಒಂದೇ ಒಂದು ಸಲ ಫೋನ್ ಮಾಡಿ, ‘ಶನಿವಾರ ಬರುತ್ತೇನಮ್ಮಾ’ ಎಂದಿದ್ದರು. ಆ ವಾರ ಅಂಗಡಿ ಬಾಗಿಲಲ್ಲಿ ಬಂದು ನಿಂತವರೆಲ್ಲರ ಕೆಲಸವನ್ನೂ ಮಾಡಿಕೊಟ್ಟೆ. ‘ಒಂದು ಹುಕ್ ಅಷ್ಟೇ’, ‘ಪಕ್ಕ ಸ್ವಲ್ಪ ಬಿಚ್ಚಿಕೊಡಿ’, ‘ನಾಳೆಯೇ ಪೂಜೆ’ ಎಂದವರಿಗೆ ಇಲ್ಲವೆನ್ನಲಿಲ್ಲ. ಶನಿವಾರ ಸಂಜೆ ಆ ತಾಯಿ ಬಸ್ಸಿಳಿದು ಬಂದಾಗ ಅವರ ಚೀಲವನ್ನು ಕೆಳಗಿಳಿಸಿದೆ. ಅಳತೆ ರವಿಕೆಗೆ ಚುಚ್ಚಿದ್ದ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ ‘ಶನಿವಾರ, ನಿಶ್ಚಿತಾರ್ಥ’ ಎಂದಿತ್ತು. ಬಟ್ಟೆಯ ಮಡಿಕೆಯನ್ನೂ ನಾನು ಬಿಚ್ಚಿರಲಿಲ್ಲ. ಅವರ ಊರಿಗೆ ಕೊನೆಯ ಬಸ್ ಏಳೂವರೆಗೆ. ‘ಇರಲಿ ಬಿಡಮ್ಮಾ’ ಎಂದು ಬಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಹೋದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನಾನು ಸೋಮಾರಿಯಾಗಿರಲಿಲ್ಲ, ಆ ವಾರ ದಿನಕ್ಕೆ ಐದು ಗಂಟೆಯೂ ಮಲಗಿರಲಿಲ್ಲ. ಆದರೆ ಯಾವ ಕೆಲಸ ಮೊದಲು ಎಂಬುದನ್ನು ನಾನು ತೀರ್ಮಾನಿಸುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತವರು ತೀರ್ಮಾನಿಸುತ್ತಿದ್ದರು. ನಿಮ್ಮ ದಿನದಲ್ಲಿಯೂ ಹೀಗೆಯೇ ಆಗುತ್ತಿರಬಹುದು. ಒಂದು ವಾರ ಪ್ರತಿ ಗಂಟೆ ಯಾರ ಪಾಲಾಯಿತು ಎಂದು ಬರೆದಿಡಿ. ಎದುರಿಗೆ ನಿಂತು ಕೇಳಿದವರ ಹೆಸರೇ ತುಂಬಿರುತ್ತದೆ. ಕೇಳದವರು ಯಾರು ಎಂದು ಆಮೇಲೆ ಹುಡುಕಿ.

ಆ ಶನಿವಾರದ ನಂತರ ಗೋಡೆಯ ಕ್ಯಾಲೆಂಡರನ್ನು ಹೊಲಿಗೆ ಯಂತ್ರದ ಎದುರಿಗೇ ತಂದು ತೂಗುಹಾಕಿದೆ. ಲೈನಿಂಗ್ ಇರುವ ಒಂದು ರವಿಕೆಗೆ ಕತ್ತರಿಸುವುದರಿಂದ ಹುಕ್ ಹಾಕುವವರೆಗೆ ನನಗೆ ಎರಡು ಗಂಟೆ ಬೇಕು. ಅಡುಗೆ, ಮನೆಗೆಲಸ ಕಳೆದರೆ ದಿನಕ್ಕೆ ನಾಲ್ಕು ರವಿಕೆ. ಆದ್ದರಿಂದ ಒಂದು ಚೌಕದಲ್ಲಿ ನಾಲ್ಕೇ ಗೀಟು. ಐದನೆಯವರು ಬಂದರೆ ಕ್ಯಾಲೆಂಡರ್ ತೋರಿಸಿ ಖಾಲಿ ಇರುವ ದಿನ ಹೇಳುತ್ತೇನೆ. ಮೊದಲ ತಿಂಗಳು ಇಬ್ಬರು ಗಿರಾಕಿಗಳು ಬೇರೆ ಕಡೆ ಹೋದರು. ಹೋಗಲಿ ಎಂದುಕೊಂಡೆ. ಉಳಿದವರಿಗೆ ಹೇಳಿದ ದಿನ ಹೇಳಿದ ಬಟ್ಟೆ ಸಿಗುತ್ತಿದೆ. ಎಣಿಸದೆ ಮಾತು ಕೊಡುವುದೇ ನನ್ನ ಸಮಯವನ್ನು ತಿನ್ನುತ್ತಿತ್ತು.

ಅತ್ತೆಯವರ ಸಕ್ಕರೆ ಪರೀಕ್ಷೆಗೂ ಈಗ ಅದೇ ಚೌಕದಲ್ಲಿ ಒಂದು ಗೀಟು. ಅದನ್ನು ಬರೆಯದೇ ಇದ್ದಾಗ ಎರಡು ತಿಂಗಳು ಮುಂದೆ ಹೋಗಿತ್ತು. ಅವರು ಕೇಳುವವರಲ್ಲ. ಮಗಳು ಮಾತ್ರ ಕೇಳುತ್ತಾಳೆ.

ಕೆಲಸದ ಸರದಿಯನ್ನೂ ಬದಲಿಸಿದೆ. ಹತ್ತಿಯ ಲೈನಿಂಗ್ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ರವಿಕೆಯನ್ನು ಎಳೆಯುತ್ತದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಮರುದಿನದ ಲೈನಿಂಗನ್ನು ನೆನೆಸಿ, ಹಿಂಡಿ, ಹಗ್ಗಕ್ಕೆ ಹಾಕುತ್ತೇನೆ. ಯಾವ ಬಟ್ಟೆ ನೆನೆಸಲಿ ಎಂದು ಆರಿಸುವಾಗಲೇ ನಾಳೆಯ ಕೆಲಸ ನಿಶ್ಚಯವಾಗಿಬಿಡುತ್ತದೆ. ಬೆಳಿಗ್ಗೆ ಎದ್ದು ಯೋಚಿಸಲು ಏನೂ ಉಳಿಯುವುದಿಲ್ಲ. ಕತ್ತರಿಸುವ ಕೆಲಸಕ್ಕೆ ಬೆಳಗಿನ ಬೆಳಕೇ ಬೇಕು, ಏಕೆಂದರೆ ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಆ ಒಂದೂವರೆ ಗಂಟೆ ಶಟರ್ ಅರ್ಧ ಕೆಳಗೆ, ಮೊಬೈಲ್ ಅಡುಗೆಮನೆಯಲ್ಲಿ. ದೂರದವರ, ಫೋನ್ ಮಾಡಿ ಪೀಡಿಸದವರ ಬಟ್ಟೆಯನ್ನೇ ಆಗ ಮೊದಲು ಕೈಗೆತ್ತಿಕೊಳ್ಳುತ್ತೇನೆ. ಯಂತ್ರದಲ್ಲಿ ಒಂದೇ ಬಣ್ಣದ ದಾರದವುಗಳನ್ನು ಒಟ್ಟಿಗೆ ಹೊಲಿದರೆ ಬಾಬಿನ್ ಬದಲಿಸುವ ಹೊತ್ತು ಉಳಿಯುತ್ತದೆ. ಹೆಮ್ಮಿಂಗ್, ಹುಕ್, ಸೀರೆ ಕುಚ್ಚು ಇವಕ್ಕೆ ಕೈ ಸಾಕು. ಅವನ್ನು ಕರೆಂಟ್ ಹೋದಾಗ, ಮಗಳಿಂದ ಮಗ್ಗಿ ಒಪ್ಪಿಸಿಕೊಳ್ಳುವಾಗ, ಯಾರಾದರೂ ಮಾತಾಡಲು ಬಂದು ಕುಳಿತಾಗ ಮಾಡುತ್ತೇನೆ. ನಿಮ್ಮ ಕೆಲಸಗಳಲ್ಲಿಯೂ ತಲೆ ಬೇಡುವುದು ಯಾವುದು, ಬರಿಯ ಕೈ ಸಾಕಾಗುವುದು ಯಾವುದು ಎಂದು ಒಮ್ಮೆ ಬೇರ್ಪಡಿಸಿ ನೋಡಿ. ಚುರುಕಾದ ಹೊತ್ತನ್ನು ಹುಕ್ ಹಾಕುವುದಕ್ಕೆ ಕೊಡಬೇಡಿ.

ಎಲ್ಲ ದಿನವೂ ಹೀಗೆ ನಡೆಯುವುದಿಲ್ಲ. ಮಗಳಿಗೆ ಜ್ವರ ಬಂದರೆ ನಾಲ್ಕು ಗೀಟು ಎರಡಾಗುತ್ತದೆ. ಆಗ ಗಿರಾಕಿ ಬರುವ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುತ್ತೇನೆ. ಬಸ್ಸಿಳಿದು ಬಂದ ಮೇಲೆ ಹೇಳುವುದು ಮಾತ್ರ ಇನ್ನು ಆಗದು.

ಈಗ ಆಷಾಢ, ಮದುವೆಗಳಿಲ್ಲ. ಯಂತ್ರವನ್ನು ರಿಪೇರಿಗೆ ಕೊಟ್ಟು ತಂದು, ಎಣ್ಣೆ ಬಿಟ್ಟು, ಶ್ರಾವಣಕ್ಕೆ ಸಿದ್ಧಮಾಡಿಕೊಂಡಿದ್ದೇನೆ. ವರಮಹಾಲಕ್ಷ್ಮಿ ವಾರದ ಚೌಕಗಳು ಆಗಲೇ ತುಂಬುತ್ತಿವೆ. ಶುಕ್ರವಾರದ ಹಿಂದಿನ ಎರಡು ದಿನ ಮಾತ್ರ ಮೂರೇ ಗೀಟು ಹಾಕಿ, ನಾಲ್ಕನೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.